ಸಿಪ್2ಇ1 ಪ್ರತಿಕಾಯ: ಕೊಳ್ಳುವುದರಿಂದ ಪ್ರಬಂಧದಲ್ಲಿ ಬರೆಯುವವರೆಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಫಾರ್ಮಸಿ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಔಷಧಶಾಸ್ತ್ರ ಓದುವವರಿಗೆ ಯಕೃತ್ತಿನ ರಕ್ಷಣೆಯ ಪ್ರಯೋಗ ಚಿರಪರಿಚಿತ. ನೆಲನೆಲ್ಲಿ, ಅಮೃತಬಳ್ಳಿ, ಗರುಗ ಹೀಗೆ ನಮ್ಮ ಸೀಮೆಯಲ್ಲಿ ಕಾಮಾಲೆಗೆ ಕೊಡುವ ಯಾವುದಾದರೊಂದು ಸೊಪ್ಪಿನ ಸಾರವನ್ನು ವಿಸ್ಟಾರ್ ಇಲಿಗಳಿಗೆ ಕೆಲವು ದಿನ ಕುಡಿಸುತ್ತಾರೆ. ಬಳಿಕ ಕಾರ್ಬನ್ ಟೆಟ್ರಾಕ್ಲೋರೈಡ್ ಅಥವಾ ಪ್ಯಾರಾಸಿಟಮಾಲ್ ಕೊಟ್ಟು ಯಕೃತ್ತಿಗೆ ಹಾನಿ ಮಾಡುತ್ತಾರೆ. ಯಕೃತ್ತಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ಏರದೇ ಇದ್ದರೆ ‘ಉತ್ಕರ್ಷಣ ನಿರೋಧಕ ಗುಣದಿಂದ ಯಕೃತ್ತಿಗೆ ರಕ್ಷಣೆ’ ಎಂದು ಪ್ರಬಂಧ ಮುಗಿಯುತ್ತದೆ.

ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತನ್ನು ನೇರವಾಗಿ ಕೆಡಿಸುವುದಿಲ್ಲ. ಯಕೃತ್ತಿನ ಕೋಶಗಳಲ್ಲಿರುವ ಸಿಪ್2ಇ1 (CYP2E1) ಎಂಬ ಕಿಣ್ವ ಅದನ್ನು ಟ್ರೈಕ್ಲೋರೋಮೀಥೈಲ್ ರ‍್ಯಾಡಿಕಲ್ ಆಗಿ ಮಾರ್ಪಡಿಸುತ್ತದೆ. ಪೊರೆಗಳನ್ನು ಸುಡುವುದು ಆ ರ‍್ಯಾಡಿಕಲ್. ಪ್ಯಾರಾಸಿಟಮಾಲ್ ಹೆಚ್ಚಾದಾಗ ಅದನ್ನು ವಿಷವಾಗಿಸುವ ಕಿಣ್ವಗಳಲ್ಲಿಯೂ ಇದೇ ಮುಂಚೂಣಿಯಲ್ಲಿದೆ. ಈ ಕಿಣ್ವದ ಜೀನ್ ತೆಗೆದ ಮೌಸ್‌ಗಳು (ಚಿಕ್ಕ ಜಾತಿಯ ಇಲಿಗಳು; ಈ ಬರಹದಲ್ಲಿ ಬರೀ ‘ಇಲಿ’ ಎಂದರೆ ರ‍್ಯಾಟ್) ಪ್ಯಾರಾಸಿಟಮಾಲ್ ವಿಷವನ್ನು ಬಹಳಷ್ಟು ತಡೆದುಕೊಳ್ಳುತ್ತವೆ ಎಂದು 1996ರಲ್ಲಿ, ಕಾರ್ಬನ್ ಟೆಟ್ರಾಕ್ಲೋರೈಡಿನಿಂದಲೂ ಅವುಗಳ ಯಕೃತ್ತು ಪಾರಾಗುತ್ತದೆ ಎಂದು 1998ರಲ್ಲಿ ಪ್ರಕಟವಾಯಿತು. ಹಾಗಿರುವಾಗ ನಿಮ್ಮ ಸೊಪ್ಪಿನ ಸಾರ ವಿಷದ ಹಾನಿಯನ್ನು ತಡೆಯಿತೋ, ವಿಷ ಹುಟ್ಟುವುದನ್ನೇ ತಡೆಯಿತೋ? ಎರಡೂ ಸಂದರ್ಭಗಳಲ್ಲಿ ಎಎಲ್‌ಟಿ ಇಳಿದೇ ಕಾಣುತ್ತದೆ. ಕ್ಷಯರೋಗಕ್ಕೆ ಐಸೋನಿಯಾಜಿಡ್ ನುಂಗುತ್ತಲೇ ಮನೆಯಲ್ಲಿ ಸೊಪ್ಪಿನ ಕಷಾಯವನ್ನೂ ಕುಡಿಯುವ ರೋಗಿಗೆ ಮಾತ್ರ ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು, ಏಕೆಂದರೆ ಕಿಣ್ವವನ್ನು ತಡೆಯುವ ಸಾರ ಆತ ನುಂಗುವ ಇತರ ಔಷಧಗಳ ಗತಿಯನ್ನೂ ಬದಲಿಸಬಲ್ಲದು.

ಉತ್ತರ ಹುಡುಕುವ ಮುಖ್ಯ ಸಾಧನ ಸಿಪ್2ಇ1 ಪ್ರತಿಕಾಯ, ಅಂದರೆ ಆ ಕಿಣ್ವಕ್ಕೆ ಅಂಟಿ ಅದನ್ನು ಗುರುತಿಸುವ ಪ್ರೋಟೀನ್. ಯಕೃತ್ತಿನ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಹಾಳೆಗೆ ವರ್ಗಾಯಿಸಿ ಈ ಪ್ರತಿಕಾಯ ಹಚ್ಚುತ್ತಾರೆ (ವೆಸ್ಟರ್ನ್ ಬ್ಲಾಟ್); ಅದರ ಮೇಲೆ ಅಂಟುವ ಎರಡನೆಯ ಪ್ರತಿಕಾಯದಿಂದ ಆ ಜಾಗ ಒಂದು ಪಟ್ಟಿಯಾಗಿ ಕಾಣುತ್ತದೆ. ಅದನ್ನು ಆರಿಸುವುದು, ಕಾಪಾಡುವುದು, ಬಳಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಅದು ಹೇಳುವುದನ್ನು ಪರೀಕ್ಷಿಸಿ ನಂಬುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಎಂ.ಫಾರ್ಮ್ ಮತ್ತು ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಬರಹ ಇದು.

ಮೊದಲು ಗುಂಪುಗಳ ಯೋಜನೆ

ಪ್ರತಿಕಾಯಕ್ಕೆ ಆರ್ಡರ್ ಹಾಕುವ ಮುನ್ನವೇ ಇಲಿಗಳ ಗುಂಪುಗಳನ್ನು ಸರಿಯಾಗಿ ಯೋಚಿಸಿ, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲಿಯೇ ಬರೆಯಿರಿ. ಅನುಮತಿ ಸಿಕ್ಕ ಮೇಲೆ ಇನ್ನೊಂದು ಗುಂಪು ಬೇಕೆಂದರೆ ಮತ್ತೆ ಸಮಿತಿಯ ಮುಂದೆ ಹೋಗಬೇಕಾಗುತ್ತದೆ.

ಬಹಳ ಪ್ರಬಂಧಗಳು ಬಿಟ್ಟುಬಿಡುವ ಒಂದು ಗುಂಪಿದೆ: ಸಾರ ಮಾತ್ರ ಕೊಟ್ಟ, ಯಾವ ವಿಷವನ್ನೂ ಕೊಡದ ಇಲಿಗಳು. ಇದು ಏಕೆ ಬೇಕೆಂದರೆ, ಕಾರ್ಬನ್ ಟೆಟ್ರಾಕ್ಲೋರೈಡನ್ನು ಮಾರ್ಪಡಿಸುವ ಹೊತ್ತಿಗೆ ಸಿಪ್2ಇ1 ತಾನೂ ನಾಶವಾಗುತ್ತದೆ. ವಿಷ ಕೊಟ್ಟ ಇಲಿಯಲ್ಲಿ ಕಿಣ್ವ ಕಡಿಮೆ, ಸಾರ ಮತ್ತು ವಿಷ ಎರಡನ್ನೂ ಕೊಟ್ಟ ಇಲಿಯಲ್ಲಿ ಹೆಚ್ಚು ಕಂಡರೆ ‘ಸಾರ ಕಿಣ್ವವನ್ನು ಹೆಚ್ಚಿಸಿತು’ ಎಂದು ಬರೆಯುವವರಿದ್ದಾರೆ. ವಾಸ್ತವದಲ್ಲಿ ಸಾರ ಕಿಣ್ವವನ್ನು ತಡೆದು, ಅದರಿಂದಾಗಿ ಕಿಣ್ವ ಸುಟ್ಟುಹೋಗದೆ ಉಳಿದಿರಬಹುದು. ಸಾರ ಮಾತ್ರ ಕೊಟ್ಟ ಗುಂಪಿಲ್ಲದೆ ಈ ಗಂಟು ಬಿಡಿಸಲು ಸಾಧ್ಯವೇ ಇಲ್ಲ.

ಕಿಣ್ವವನ್ನು ಬೇಕೆಂದೇ ಹೆಚ್ಚಿಸಿದ ಒಂದು ಚಿಕ್ಕ ಗುಂಪೂ ಇರಲಿ. ಕುಡಿಯುವ ನೀರಿನಲ್ಲಿ ಶೇ 1ರಷ್ಟು ಅಸಿಟೋನ್ ಒಂದು ವಾರ ಕೊಡುವುದು ಹಳೆಯ, ನಂಬಿಕೆಯ ವಿಧಾನ. ಐಸೋನಿಯಾಜಿಡ್ ಕೂಡ ಆಗುತ್ತದೆ. ಈ ಇಲಿಗಳ ಯಕೃತ್ತು ಮುಂದೆ ಪ್ರತಿಕಾಯದ ಪರೀಕ್ಷೆಗೆ ಬೇಕಾಗುತ್ತದೆ. ಉಪವಾಸದಿಂದಲೂ ಸಿಪ್2ಇ1 ಏರುತ್ತದೆಯಾದ್ದರಿಂದ, ಯಕೃತ್ತು ತೆಗೆಯುವ ಹಿಂದಿನ ರಾತ್ರಿ ಒಂದು ಗುಂಪಿಗೆ ಆಹಾರ ಇಟ್ಟು ಇನ್ನೊಂದಕ್ಕೆ ಇಡದಿದ್ದರೆ ಆ ವ್ಯತ್ಯಾಸವೇ ನಿಮ್ಮ ಫಲಿತಾಂಶವಾಗಿಬಿಡುತ್ತದೆ.

ಯಾವ ಪ್ರತಿಕಾಯ?

ಈ ಕಿಣ್ವ ಕುಟುಂಬವನ್ನು ಗುರುತಿಸಿದ್ದು ಪ್ರತಿಕಾಯದಿಂದಲ್ಲ, ಬೆಳಕಿನಿಂದ. ಕಾರ್ಬನ್ ಮಾನಾಕ್ಸೈಡ್ ಹಿಡಿದುಕೊಂಡಾಗ 450 ನ್ಯಾನೋಮೀಟರ್ ಬಳಿ ಬೆಳಕು ಹೀರುವುದರಿಂದ ಇದಕ್ಕೆ ಪಿ450 ಎಂಬ ಹೆಸರು ಬಂತು (ಸೈಟೋಕ್ರೋಮ್ ಪಿ450ರ ಚಿಕ್ಕ ರೂಪವೇ ‘ಸಿಪ್’). ಜಪಾನಿನ ಒಮುರಾ ಮತ್ತು ಸಾಟೋ 1960ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. ಆ ಅಳತೆ ಇಡೀ ಕುಟುಂಬದ ಒಟ್ಟು ಮೊತ್ತವನ್ನಷ್ಟೇ ಕೊಡುತ್ತದೆ. ಅದರಲ್ಲಿ ಸಿಪ್2ಇ1 ಎಷ್ಟು ಎಂದು ತಿಳಿಯಲು ಅದೊಂದಕ್ಕೇ ಅಂಟುವ ಪ್ರತಿಕಾಯ ಬೇಕು. ಕುಟುಂಬದವರೆಲ್ಲ ಹೋಲುವುದರಿಂದ ಅಂಥ ಪ್ರತಿಕಾಯ ಸುಲಭವಾಗಿ ಸಿಗುವುದಿಲ್ಲ.

ಇಲಿಯಲ್ಲಿ ಕೆಲಸ ಮಾಡುವವರಿಗೆ ಸಿಪ್2ಇ1 ಒಂದು ವಿಷಯದಲ್ಲಿ ಅನುಕೂಲದ್ದು. ಮನುಷ್ಯನ ಔಷಧ ಚಯಾಪಚಯದಲ್ಲಿ ಹೆಸರಾದ ಸಿಪ್3ಎ4 ಇಲಿಯಲ್ಲಿ ಇಲ್ಲವೇ ಇಲ್ಲ. ಅದರ ಬದಲು ಅದೇ ಮನೆತನದ ಬೇರೆ ಕಿಣ್ವಗಳಿವೆ. ಇಲಿಯ ಯಕೃತ್ತಿಗೆ ‘ಸಿಪ್3ಎ4 ಪ್ರತಿಕಾಯ’ ಹಚ್ಚಿ ಪಟ್ಟಿ ತೋರಿಸುವ ಪ್ರಬಂಧ ಏನನ್ನು ತೋರಿಸುತ್ತಿದೆ ಎಂಬುದು ಅದನ್ನು ಬರೆದವರಿಗೂ ಗೊತ್ತಿರುವುದಿಲ್ಲ. ಸಿಪ್2ಇ1 ಹಾಗಲ್ಲ. ಮನುಷ್ಯ, ಇಲಿ, ಮೌಸ್ ಮೂರರಲ್ಲಿಯೂ ಇದೇ ಹೆಸರಿನ ಒಂದೊಂದೇ ಜೀನ್ ಇದ್ದು, ಒಂದೇ ಬಗೆಯ ಕೆಲಸ ಮಾಡುತ್ತದೆ.

ಹಾಗೆಂದು ಮನುಷ್ಯನ ಕಿಣ್ವಕ್ಕೆ ಮಾಡಿದ ಪ್ರತಿಕಾಯ ಇಲಿಯಲ್ಲಿ ತಾನಾಗಿಯೇ ಕೆಲಸ ಮಾಡುತ್ತದೆ ಎಂದು ತಿಳಿಯಬೇಡಿ. ಮಾಹಿತಿ ಪತ್ರದಲ್ಲಿ ಪ್ರಾಣಿಗಳ ಪಟ್ಟಿಯನ್ನು ಗಮನವಿಟ್ಟು ಓದಿ. ‘ಪರೀಕ್ಷಿಸಲಾಗಿದೆ’ ಎಂದಿದ್ದರೆ ಒಂದು ಅರ್ಥ, ‘ನಿರೀಕ್ಷಿಸಲಾಗಿದೆ’ ಎಂದಿದ್ದರೆ ಇನ್ನೊಂದು. ಎರಡನೆಯದು ಸರಣಿಯ ಹೋಲಿಕೆಯ ಮೇಲೆ ಮಾಡಿದ ಊಹೆ ಮಾತ್ರ. ಯಾವ ಪೆಪ್ಟೈಡ್ ಬಳಸಿ ಪ್ರತಿಕಾಯ ಬೆಳೆಸಿದ್ದಾರೆ ಎಂಬುದು ಕೊಟ್ಟಿದ್ದರೆ ಪ್ರೋಟೀನ್ ಸರಣಿಗಳ ಯುನಿಪ್ರಾಟ್ ತಾಣದಲ್ಲಿ ಇಲಿಯ ಸಿಪ್2ಇ1 ಸರಣಿಯ ಪಕ್ಕದಲ್ಲಿ ಇಟ್ಟು ಹೋಲಿಸಿ. ಹಾಗೆಯೇ ಅದೇ ಕುಟುಂಬದ ಇನ್ನೊಂದು ಕಿಣ್ವವಾದ ಇಲಿಯ ಸಿಪ್2ಸಿ11 ಸರಣಿಯ ಪಕ್ಕದಲ್ಲಿಯೂ ಇಡಿ. ಕಾರಣ ಮುಂದೆ ಬರುತ್ತದೆ.

ಯಾವ ಪ್ರಾಣಿಯಲ್ಲಿ ಬೆಳೆಸಿದ ಪ್ರತಿಕಾಯ ಎಂಬುದು ಇಲಿಯ ಕೆಲಸದಲ್ಲಿ ಬಹಳ ಮುಖ್ಯ. ಮೌಸ್‌ನಲ್ಲಿ ಬೆಳೆಸಿದ ಪ್ರತಿಕಾಯ ತಂದರೆ ಎರಡನೆಯ ಪ್ರತಿಕಾಯ ಮೌಸ್‌ನ ಇಮ್ಯುನೋಗ್ಲಾಬ್ಯುಲಿನ್‌ಗೆ (ರಕ್ತದಲ್ಲಿರುವ ಪ್ರತಿಕಾಯ ಪ್ರೋಟೀನ್‌ಗೆ) ಅಂಟುವಂಥದ್ದಾಗಬೇಕು. ಇಲಿಯ ಇಮ್ಯುನೋಗ್ಲಾಬ್ಯುಲಿನ್ ಮೌಸ್‌ನದಕ್ಕೆ ಬಹಳ ಹತ್ತಿರದ್ದು. ಯಕೃತ್ತಿನಲ್ಲಿ ರಕ್ತ ಉಳಿದಿದ್ದರೆ ಎರಡನೆಯ ಪ್ರತಿಕಾಯ ಅದಕ್ಕೂ ಅಂಟಿಕೊಳ್ಳುತ್ತದೆ. ಇಮ್ಯುನೋಗ್ಲಾಬ್ಯುಲಿನ್‌ನ ದೊಡ್ಡ ಸರಪಳಿಯ ತೂಕ ಸುಮಾರು 50 ಕಿಲೋಡಾಲ್ಟನ್. ಸಿಪ್2ಇ1ರಲ್ಲಿ 493 ಅಮೈನೋ ಆಮ್ಲಗಳಿದ್ದು ಲೆಕ್ಕದ ತೂಕ ಸುಮಾರು 57 ಆದರೂ ಜೆಲ್‌ನಲ್ಲಿ ಅದು 50ರಿಂದ 57ರ ನಡುವೆ ಎಲ್ಲಾದರೂ ನಿಲ್ಲಬಹುದು. ಹೀಗೆ ಉಳಿದ ರಕ್ತವೇ ಕಿಣ್ವದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಇಲಿಯ ಯಕೃತ್ತಿಗೆ ಮೊಲದಲ್ಲಿ ಬೆಳೆಸಿದ ಪ್ರತಿಕಾಯವನ್ನೇ ತರಿಸಿ ಎಂಬುದು ನನ್ನ ಖಚಿತ ಸಲಹೆ.

ಜೀನ್ ತೆಗೆದ ಪ್ರಾಣಿ ಅಥವಾ ಕೋಶದಲ್ಲಿ ಪಟ್ಟಿ ಮಾಯವಾಗುವುದನ್ನು ತೋರಿಸಿದ ಪ್ರತಿಕಾಯ ಸಿಕ್ಕರೆ ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಕೊಳ್ಳಿ.

ಪಾರ್ಸೆಲ್ ಬಂದ ದಿನ

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಶುಕ್ರವಾರ ಹೊರಟ ಪಾರ್ಸೆಲ್ ಭಾನುವಾರವೆಲ್ಲ ಗೋದಾಮಿನಲ್ಲಿ ಕುಳಿತರೆ ಐಸ್ ಪ್ಯಾಕ್ ಉಳಿಯುವುದಿಲ್ಲ. ಸೋಮವಾರ ಅಥವಾ ಮಂಗಳವಾರ ಕಳುಹಿಸುವಂತೆ ವಿತರಕರಿಗೆ ಬರಹದಲ್ಲಿ ತಿಳಿಸಿ. ಸಾಧ್ಯವಾದರೆ ಬೇಸಿಗೆಗೆ ಮೊದಲೇ ತರಿಸಿಕೊಳ್ಳಿ. ಪೆಟ್ಟಿಗೆ ಬಿಚ್ಚುವಾಗ ಐಸ್ ಪ್ಯಾಕ್ ಸ್ಥಿತಿಯ ಫೋಟೊ ತೆಗೆದು ಇಟ್ಟರೆ ಬದಲಿ ಕೇಳುವಾಗ ಅದೇ ಆಧಾರ.

ಬಾಟಲಿಯನ್ನು ಒಂದೆರಡು ಸೆಕೆಂಡ್ ಸೆಂಟ್ರಿಫ್ಯೂಜ್ ಮಾಡಿ, ಮುಚ್ಚಳಕ್ಕೆ ಅಂಟಿದ್ದನ್ನು ಕೆಳಗಿಳಿಸಿ, 10 ಮೈಕ್ರೋಲೀಟರ್‌ನಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ. ದ್ರಾವಣದಲ್ಲಿ ಶೇ 50 ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲಿ ಅದು ಗಟ್ಟಿಯಾಗುವುದಿಲ್ಲ. ಮೈನಸ್ 80ರಲ್ಲಿ ಇಟ್ಟು ಹೆಪ್ಪುಗಟ್ಟಿಸಬೇಡಿ. ಮಂಜು ಕಟ್ಟದ ಬಗೆಯ ಮನೆಬಳಕೆಯ ಫ್ರಿಜ್ ಬೇಡವೇ ಬೇಡ, ಅದು ಮಂಜು ಕರಗಿಸಲು ಆಗಾಗ ತಾನೇ ಬಿಸಿಯಾಗುತ್ತದೆ. ಕರೆಂಟ್ ಹೋಗಿ ಜನರೇಟರ್ ಹೊತ್ತಿಕೊಳ್ಳುವ ಕಟ್ಟಡದಲ್ಲಿ ಫ್ರೀಜರ್ ಆ ಲೈನಿಗೆ ಸೇರಿದೆಯೇ ಎಂದು ಎಲೆಕ್ಟ್ರಿಷಿಯನ್ ಅವರನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಲಾಟ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ.

ಮೈಕ್ರೋಸೋಮ್ ತೆಗೆಯುವುದು

ಸಿಪ್2ಇ1 ಮುಖ್ಯವಾಗಿ ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಪೊರೆಯಲ್ಲಿರುತ್ತದೆ. ಯಕೃತ್ತನ್ನು ಅರೆದಾಗ ಆ ಪೊರೆಯ ಚೂರುಗಳು ಮೈಕ್ರೋಸೋಮ್‌ಗಳಾಗುತ್ತವೆ.

ಯಕೃತ್ತು ತೆಗೆಯುವ ಮೊದಲು ಪೋರ್ಟಲ್ ರಕ್ತನಾಳದ ಮೂಲಕ ತಣ್ಣನೆಯ ಸಲೈನ್ ಹಾಯಿಸಿ ರಕ್ತ ತೊಳೆಯಿರಿ. ಕಡುಗೆಂಪು ಅಂಗ ಮಸುಕಾದ ಕಂದು ಬಣ್ಣಕ್ಕೆ ತಿರುಗುವವರೆಗೆ ನಿಲ್ಲಿಸಬೇಡಿ. ಇದರಿಂದ ಇಮ್ಯುನೋಗ್ಲಾಬ್ಯುಲಿನ್ ಹೋಗುತ್ತದೆ, ಬಣ್ಣದ ಅಳತೆಗೆ ಅಡ್ಡಬರುವ ಹಿಮೋಗ್ಲೋಬಿನ್ ಕೂಡ ಹೋಗುತ್ತದೆ. ಎರಡು ಮೂರು ಗ್ರಾಂ ಅಂಗಾಂಶ ಸಾಕು. ಐಸ್ ಮೇಲಿಟ್ಟು ಚಿಕ್ಕದಾಗಿ ಕತ್ತರಿಸಿ, 0.25 ಮೋಲಾರ್ ಸುಕ್ರೋಸ್ ಮತ್ತು 10 ಮಿಲಿಮೋಲಾರ್ ಟ್ರಿಸ್ ಇರುವ 7.4 ಪಿಎಚ್ ಬಫರ್ ನಾಲ್ಕು ಪಟ್ಟು ಹಾಕಿ ಟೆಫ್ಲಾನ್ ಹೋಮೋಜಿನೈಜರ್‌ನಲ್ಲಿ ಅರೆಯಿರಿ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ ಅನ್ನು ಆ ಕ್ಷಣಕ್ಕೆ ಬೆರೆಸಿ. ನೀರಿನಲ್ಲಿ ಅದು ಬಹಳ ಹೊತ್ತು ನಿಲ್ಲುವುದಿಲ್ಲ.

4 ಡಿಗ್ರಿಯಲ್ಲಿ 10,000 ಜಿ ವೇಗದಲ್ಲಿ 20 ನಿಮಿಷ ತಿರುಗಿಸಿ ಮೇಲಿನ ದ್ರವ ತೆಗೆದುಕೊಳ್ಳಿ. ಇಲ್ಲಿ ಜಿ ಎಂದರೆ ಗುರುತ್ವಬಲದ ಎಷ್ಟು ಪಟ್ಟು ಎಂದು, ಆರ್‌ಪಿಎಂ ಅಲ್ಲ. ನಿಮ್ಮ ರೋಟರ್‌ನ ತ್ರಿಜ್ಯ ನೋಡಿ ಲೆಕ್ಕ ಹಾಕಬೇಕು. ಮುಂದಿನ ಹಂತಕ್ಕೆ 1,05,000 ಜಿ ವೇಗದಲ್ಲಿ ಒಂದು ಗಂಟೆ ಬೇಕು, ಅಂದರೆ ಅಲ್ಟ್ರಾಸೆಂಟ್ರಿಫ್ಯೂಜ್. ಅದು ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಪದ್ಧತಿ ಸಂಸ್ಥೆ, ಕೆಎಲ್‌ಇ ವಿಶ್ವವಿದ್ಯಾಲಯ, ವಿಜಯಪುರದಲ್ಲಿ ಬಿಎಲ್‌ಡಿಇ ವಿಶ್ವವಿದ್ಯಾಲಯದಂಥ ಸಂಶೋಧನಾ ಸಂಸ್ಥೆಗಳಿವೆ. ಯಾವ ಉಪಕರಣ ಎಲ್ಲಿದೆ, ಹೊರಗಿನವರಿಗೆ ಕೊಡುತ್ತಾರೆಯೇ ಎಂದು ಮಾರ್ಗದರ್ಶಕರ ಮೂಲಕ ಪತ್ರ ಬರೆದು ವಿಚಾರಿಸಿ.

ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. ಕ್ಯಾಲ್ಸಿಯಂ ವಿಧಾನ ಇದೆ. ಮೇಲಿನ ದ್ರವಕ್ಕೆ ಅಂತಿಮವಾಗಿ 8 ಮಿಲಿಮೋಲಾರ್ ಆಗುವಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಐಸ್ ಮೇಲೆ ಐದು ನಿಮಿಷ ಬಿಟ್ಟರೆ ಮೈಕ್ರೋಸೋಮ್‌ಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗುತ್ತವೆ. 27,000 ಜಿ ವೇಗದಲ್ಲಿ 15 ನಿಮಿಷಕ್ಕೆ ಕೆಳಗೆ ಕೂರುತ್ತವೆ. ಇದನ್ನು ಸಾಮಾನ್ಯ ಹೈಸ್ಪೀಡ್ ಸೆಂಟ್ರಿಫ್ಯೂಜ್ ಮಾಡುತ್ತದೆ. ಒಂದೇ ಎಚ್ಚರಿಕೆ: ಅರೆಯುವ ಬಫರ್‌ನಲ್ಲಿ ಇಡಿಟಿಎ ಇರಕೂಡದು. ಇದ್ದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಇಡೀ ಹಂತವನ್ನು ವ್ಯರ್ಥಗೊಳಿಸುತ್ತದೆ. ಅಧ್ಯಯನದ ಎಲ್ಲ ಇಲಿಗಳಿಗೂ ಒಂದೇ ವಿಧಾನ ಇರಲಿ.

ಕೆಳಗೆ ಕುಳಿತದ್ದನ್ನು ಶೇ 20 ಗ್ಲಿಸರಾಲ್ ಇರುವ 0.1 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ ಕದಡಿ, ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆದು, ಚಿಕ್ಕ ಚಿಕ್ಕ ಭಾಗ ಮಾಡಿ ಮೈನಸ್ 80ರಲ್ಲಿ ಇಡಿ.

ಬ್ಲಾಟ್

ಶೇ 10ರ ಜೆಲ್, ಪ್ರತಿ ಸಾಲಿಗೆ 10ರಿಂದ 20 ಮೈಕ್ರೋಗ್ರಾಂ ಪ್ರೋಟೀನ್. ಯಕೃತ್ತಿನ ಮೈಕ್ರೋಸೋಮ್‌ನಲ್ಲಿ ಸಿಪ್2ಇ1 ಧಾರಾಳವಾಗಿರುವುದರಿಂದ ಇದಕ್ಕಿಂತ ಹೆಚ್ಚು ಹಾಕುವ ಅಗತ್ಯವಿಲ್ಲ. ಪೊರೆಯ ಪ್ರೋಟೀನ್ ಆದ್ದರಿಂದ ಕುದಿಸಿದರೆ ಗಂಟುಕಟ್ಟಿ ಜೆಲ್‌ನ ಬಾಯಿಯಲ್ಲಿಯೇ ಸಿಕ್ಕಿಕೊಳ್ಳುವ ಸಂಭವವಿದೆ. 70 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿದರೆ ಸಾಕು. ಪಿವಿಡಿಎಫ್ ಹಾಳೆಯನ್ನು ಮೆಥನಾಲ್‌ನಲ್ಲಿ ನೆನೆಸಿ, ಐಸ್ ಇಟ್ಟ ತೊಟ್ಟಿಯಲ್ಲಿ 100 ವೋಲ್ಟ್‌ನಲ್ಲಿ ಒಂದೂಕಾಲು ಗಂಟೆ ವರ್ಗಾಯಿಸಿ. ಪಾನ್ಸೋ ಬಣ್ಣ ಹಾಕಿ ಎಲ್ಲ ಸಾಲುಗಳೂ ಸಮನಾಗಿ ಬಂದಿವೆಯೇ ನೋಡಿ, ಫೋಟೊ ತೆಗೆಯಿರಿ. ಈ ಫೋಟೊ ಮುಂದೆ ನಿಮ್ಮನ್ನು ಕಾಯುತ್ತದೆ.

ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಹಾಳೆಯನ್ನು ಶೇ 5ರ ಕೆನೆರಹಿತ ಹಾಲಿನ ಪುಡಿಯ ದ್ರಾವಣದಲ್ಲಿ ಒಂದು ಗಂಟೆ ಇಡಿ. ಚಹಾಕ್ಕೆ ಹಾಕುವ ಸಕ್ಕರೆ ಬೆರೆತ ಪುಡಿ ಇದಕ್ಕೆ ಆಗದು. ಪ್ರತಿಕಾಯ 1:1000 ಪ್ರಮಾಣದಲ್ಲಿ ರಾತ್ರಿಯಿಡೀ 4 ಡಿಗ್ರಿಯಲ್ಲಿ, ಮೂರು ಬಾರಿ ಹತ್ತು ಹತ್ತು ನಿಮಿಷ ತೊಳೆತ, ಎಚ್‌ಆರ್‌ಪಿ (ಬಣ್ಣ ಅಥವಾ ಬೆಳಕು ಹುಟ್ಟಿಸುವ ಕಿಣ್ವ) ಕಟ್ಟಿದ ಎರಡನೆಯ ಪ್ರತಿಕಾಯ 1:5000ರಿಂದ 1:10,000, ಒಂದು ಗಂಟೆ, ಮತ್ತೆ ತೊಳೆತ. ಬಳಸಿದ ಪ್ರತಿಕಾಯವನ್ನು ಮರುಬಳಕೆಗೆ ಇಡಲು ಸೋಡಿಯಂ ಅಜೈಡ್ ಹಾಕುವ ರೂಢಿ ಇದೆ. ಅಜೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ. ಮೊದಲ ಪ್ರತಿಕಾಯಕ್ಕೆ ಹಾಕಿದರೂ ಚೆನ್ನಾಗಿ ತೊಳೆಯಬೇಕು, ಎರಡನೆಯದಕ್ಕೆ ಎಂದೂ ಹಾಕಬಾರದು.

ಬೆಳಕು ಸೂಸುವ ಇಸಿಎಲ್ ದ್ರಾವಣದ ಜೊತೆಗೆ ಕ್ಯಾಮೆರಾ ಉಪಕರಣ ಇಲ್ಲದವರು ಡಿಎಬಿ ಎಂಬ ಬಣ್ಣ ಕೊಡುವ ರಾಸಾಯನಿಕ ಬಳಸಿ ಕಂದು ಪಟ್ಟಿ ಪಡೆಯುತ್ತಾರೆ. ಪಟ್ಟಿ ಇದೆಯೋ ಇಲ್ಲವೋ ನೋಡಲು ಅದು ಸಾಕು. ಎಷ್ಟು ಪಟ್ಟು ಹೆಚ್ಚು, ಎಷ್ಟು ಪಟ್ಟು ಕಡಿಮೆ ಎಂಬ ಲೆಕ್ಕವನ್ನು ಡಿಎಬಿಯ ಮೇಲೆ ಕಟ್ಟಬೇಡಿ.

ಎಲ್ಲ ಸಾಲುಗಳಿಗೂ ಸಮ ಪ್ರಮಾಣ ಹಾಕಿದ್ದೇವೆಯೇ ಎಂದು ತಾಳೆ ನೋಡಲು ಬೀಟಾ ಆ್ಯಕ್ಟಿನ್ ಅಥವಾ ಜಿಎಪಿಡಿಎಚ್ ಹಾಕುವುದು ಮೈಕ್ರೋಸೋಮ್‌ಗೆ ಹೊಂದುವುದಿಲ್ಲ. ಅವು ಮುಖ್ಯವಾಗಿ ಕೋಶರಸದಲ್ಲಿರುವ ಪ್ರೋಟೀನ್‌ಗಳು. ಮೈಕ್ರೋಸೋಮ್‌ನಲ್ಲಿ ಅವು ಕಂಡರೆ ನಿಮ್ಮ ತೊಳೆತ ಎಷ್ಟು ಸಾಲದು ಎಂಬುದನ್ನು ಹೇಳುತ್ತವೆಯೇ ಹೊರತು ಎಷ್ಟು ಮೈಕ್ರೋಸೋಮ್ ಹಾಕಿದಿರಿ ಎಂಬುದನ್ನಲ್ಲ. ಅದೇ ಪೊರೆಯಲ್ಲಿರುವ ಕ್ಯಾಲ್ನೆಕ್ಸಿನ್ ಸೂಕ್ತ. ಜೆಲ್‌ನಲ್ಲಿ 90ರ ಸುತ್ತ ಓಡುವುದರಿಂದ ಸಿಪ್2ಇ1ಕ್ಕೆ ಅಡ್ಡಬರುವುದೂ ಇಲ್ಲ.

ಪಟ್ಟಿ ಬಂದ ಮೇಲೆ ಶುರುವಾಗುವ ಕೆಲಸ

ಸರಿಯಾದ ಎತ್ತರದಲ್ಲಿ ಒಂದು ಕಪ್ಪು ಪಟ್ಟಿ ಕಂಡ ಕೂಡಲೇ ಎಲ್ಲರ ಮುಖ ಅರಳುತ್ತದೆ. ದಯವಿಟ್ಟು ಆಗಲೇ ಅಳತೆಗೆ ಇಳಿಯಬೇಡಿ. ಸಿಪ್ ಕುಟುಂಬದ ಹೆಚ್ಚಿನವರು 50ರಿಂದ 60 ಕಿಲೋಡಾಲ್ಟನ್ ಒಳಗೇ ಇರುವುದರಿಂದ ಎತ್ತರ ಒಂದರಿಂದಲೇ ಗುರುತು ಸಿದ್ಧವಾಗುವುದಿಲ್ಲ. ಗಂಡಿಲಿಯ ಯಕೃತ್ತಿನಲ್ಲಿ ಸಿಪ್2ಸಿ11 ಬಹಳ ದಟ್ಟವಾಗಿರುತ್ತದೆ, ಅದೂ ಇದೇ ಎತ್ತರದಲ್ಲಿ. ಪ್ರತಿಕಾಯ ಅದಕ್ಕೆ ಅಂಟುತ್ತಿದ್ದರೂ ನಿಮಗೆ ಅಂದವಾದ, ಒಂಟಿಯಾದ ಪಟ್ಟಿಯೇ ಸಿಗುತ್ತದೆ.

ಆದ್ದರಿಂದ ಮೊದಲ ಜೆಲ್ ಅನ್ನು ಅಧ್ಯಯನದ ಇಲಿಗಳಿಗೆ ಬಳಸದೆ ಪ್ರತಿಕಾಯದ ಪರೀಕ್ಷೆಗೆ ಮೀಸಲಿಡಿ. ಹಾಕಬೇಕಾದ ಸಾಲುಗಳು ಇವು: ಪ್ರಯೋಗಾಲಯದಲ್ಲಿ ತಯಾರಿಸಿ ಮಾರುವ ಶುದ್ಧ ಸಿಪ್2ಇ1, ಸಿಕ್ಕರೆ ಶುದ್ಧ ಸಿಪ್2ಸಿ11, ಸಾಮಾನ್ಯ ಗಂಡಿಲಿ, ಸಾಮಾನ್ಯ ಹೆಣ್ಣಿಲಿ, ಅಸಿಟೋನ್ ಕುಡಿದ ಇಲಿ, ಹೆಪ್‌ಜಿ2 ಕೋಶಗಳು. ಅಸಿಟೋನ್ ಇಲಿಯಲ್ಲಿ ಪಟ್ಟಿ ಸ್ಪಷ್ಟವಾಗಿ ದಪ್ಪವಾಗಬೇಕು. ಗಂಡಿನಲ್ಲಿ ದಟ್ಟವಾಗಿದ್ದು ಹೆಣ್ಣಿನಲ್ಲಿ ಮಾಯವಾದರೆ, ಅಸಿಟೋನ್‌ಗೆ ಕದಲದಿದ್ದರೆ, ನೀವು ನೋಡುತ್ತಿರುವುದು ಸಿಪ್2ಸಿ11 ಎಂಬ ಅನುಮಾನ ಬಲವಾಗುತ್ತದೆ. ಹೆಪ್‌ಜಿ2 ಯಕೃತ್ತಿನ ಕ್ಯಾನ್ಸರ್‌ನಿಂದ ಬಂದ ಕೋಶವಾದರೂ ಅದರಲ್ಲಿ ಸಿಪ್2ಇ1 ತೀರಾ ಕಡಿಮೆ. ಅಲ್ಲಿಯೂ ಗಾಢ ಪಟ್ಟಿ ಬಂದರೆ ಪ್ರತಿಕಾಯದ ಮಾತನ್ನು ನಂಬುವಂತಿಲ್ಲ. ಈ ಕೋಶಗಳು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತವೆ, ಬೆಳಗಾವಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಇದೇ ಜೆಲ್‌ನ ಇನ್ನೊಂದು ಪ್ರತಿಗೆ ಮೊದಲ ಪ್ರತಿಕಾಯ ಹಾಕದೆ ಎರಡನೆಯದನ್ನು ಮಾತ್ರ ಹಚ್ಚಿ ನೋಡಿ. ಅಲ್ಲಿ 50ರ ಬಳಿ ಏನಾದರೂ ಕಂಡರೆ ಅದು ರಕ್ತದ ಉಳಿಕೆ.

ಪ್ರತಿಕಾಯಗಳ ನಂಬಿಕೆಯ ಪ್ರಶ್ನೆ ಜಗತ್ತಿನೆಲ್ಲೆಡೆ ಇದೆ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಐದು ಬಗೆಯ ಪರೀಕ್ಷೆಗಳನ್ನು ಮುಂದಿಟ್ಟಿತು: ಜೀನ್ ತೆಗೆದು ನೋಡುವುದು, ಪ್ರತಿಕಾಯವಿಲ್ಲದ ಬೇರೆ ವಿಧಾನದೊಂದಿಗೆ ತಾಳೆ ನೋಡುವುದು, ಅದೇ ಪ್ರೋಟೀನ್‌ನ ಬೇರೆ ಭಾಗಕ್ಕೆ ಅಂಟುವ ಇನ್ನೊಂದು ಪ್ರತಿಕಾಯದೊಂದಿಗೆ ಹೋಲಿಸುವುದು, ಗುರುತುಪಟ್ಟಿ ಕಟ್ಟಿದ ಪ್ರೋಟೀನ್‌ನೊಂದಿಗೆ ಹೋಲಿಸುವುದು, ಪ್ರತಿಕಾಯ ಹಿಡಿದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಗುರುತಿಸುವುದು. ನಮ್ಮ ಕಾಲೇಜುಗಳ ಕೈಗೆ ಎಟುಕುವುದು ಎರಡನೆಯದು ಮತ್ತು ಮೂರನೆಯದು.

ಪ್ರತಿಕಾಯ ಪಾಸಾದ ಮೇಲೆ ಇನ್ನೊಂದು ಜೆಲ್: ಒಂದೇ ಮಾದರಿಯನ್ನು 2.5, 5, 10, 20, 40 ಮೈಕ್ರೋಗ್ರಾಂನಂತೆ ಹಾಕಿ. ಪ್ರೋಟೀನ್ ಇಮ್ಮಡಿಯಾದಾಗ ಪಟ್ಟಿಯ ಅಳತೆಯೂ ಇಮ್ಮಡಿಯಾಗುವ ವ್ಯಾಪ್ತಿಯಲ್ಲಿಯೇ ಅಧ್ಯಯನದ ಮಾದರಿಗಳನ್ನು ಹಾಕಬೇಕು.

ಪ್ರಮಾಣ ಬೇರೆ, ಕೆಲಸ ಬೇರೆ

ಪ್ರತಿಕಾಯ ಹೇಳುವುದು ಕಿಣ್ವ ಎಷ್ಟಿದೆ ಎಂಬುದನ್ನು. ಅದು ಕೆಲಸ ಮಾಡುತ್ತಿದೆಯೇ ಎಂಬುದು ಪ್ರತಿಕಾಯಕ್ಕೆ ತಿಳಿಯದು. ನಿಮ್ಮ ಸಾರದಲ್ಲಿರುವ ಅಂಶ ಕಿಣ್ವದ ಬಾಯಿಗೆ ಅಡ್ಡ ಕುಳಿತಿದ್ದರೆ ಪಟ್ಟಿ ಕಡಿಮೆಯಾಗದಿರಬಹುದು, ಹೆಚ್ಚೂ ಆಗಬಹುದು. ಕಿಣ್ವಕ್ಕೆ ಅಂಟುವ ಕೆಲವು ಅಣುಗಳು ಅದು ಬೇಗ ಕರಗಿಹೋಗದಂತೆ ಕಾಪಾಡುತ್ತವೆ. ಆದ್ದರಿಂದ ಅದೇ ಮೈಕ್ರೋಸೋಮ್‌ನಲ್ಲಿ ಕೆಲಸವನ್ನೂ ಅಳೆಯಿರಿ. ಪ್ಯಾರಾ ನೈಟ್ರೋಫೀನಾಲ್ ಮತ್ತು ಕಿಣ್ವಕ್ಕೆ ಎಲೆಕ್ಟ್ರಾನ್ ಒದಗಿಸುವ ಎನ್‌ಎಡಿಪಿಎಚ್ ಕೊಟ್ಟು 37 ಡಿಗ್ರಿಯಲ್ಲಿ ಇಟ್ಟರೆ ಸಿಪ್2ಇ1 ಅದನ್ನು 4-ನೈಟ್ರೋಕ್ಯಾಟೆಕಾಲ್ ಮಾಡುತ್ತದೆ. ಆಮ್ಲ ಹಾಕಿ ನಿಲ್ಲಿಸಿ, ಪ್ರೋಟೀನ್ ಕೆಳಗಿಳಿಸಿ, ಮೇಲಿನ ದ್ರವಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದಾಗ ಬರುವ ಕೆಂಪನ್ನು 510 ನ್ಯಾನೋಮೀಟರ್‌ನಲ್ಲಿ ಅಳೆಯಬಹುದು. ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಎನ್‌ಎಡಿಪಿಎಚ್ ಇಲ್ಲದ ಒಂದು ಟ್ಯೂಬ್ ಪಕ್ಕದಲ್ಲಿರಲಿ.

ಮೈಕ್ರೋಸೋಮ್ ತೆಗೆಯುವಾಗ ಸಾರದ ಅಂಶ ತೊಳೆದುಹೋಗಿ ತಡೆ ಬಿಡಿಸಿಕೊಳ್ಳುವುದೂ ಉಂಟು. ಹಾಗಾಗಿ ಸಾಮಾನ್ಯ ಇಲಿಯ ಮೈಕ್ರೋಸೋಮ್‌ಗೆ ಸಾರವನ್ನು ನೇರವಾಗಿ ಬೆರೆಸಿ ಇನ್ನೊಮ್ಮೆ ಅಳೆಯಿರಿ. ಸಾರಕ್ಕೆ ತನ್ನದೇ ಬಣ್ಣವಿರುತ್ತದೆ, ಅದರ ಖಾಲಿ ಅಳತೆಯನ್ನು ಕಳೆಯಬೇಕು.

ವಿಕೃತಿಶಾಸ್ತ್ರ ವಿಭಾಗ ಸಹಕರಿಸಿದರೆ ಅಂಗಾಂಶದ ತೆಳು ಹಾಳೆಗೂ ಪ್ರತಿಕಾಯ ಹಚ್ಚಿ ನೋಡಿ. ಸಿಪ್2ಇ1 ಯಕೃತ್ತಿನಲ್ಲಿ ಎಲ್ಲೆಡೆ ಸಮನಾಗಿರುವುದಿಲ್ಲ. ನಡುರಕ್ತನಾಳದ ಸುತ್ತಲಿನ ಕೋಶಗಳಲ್ಲಿ ದಟ್ಟವಾಗಿದ್ದು ಪೋರ್ಟಲ್ ಕಡೆಗೆ ಸಾಗಿದಂತೆ ತೆಳುವಾಗುತ್ತದೆ. ಪ್ಯಾರಾಸಿಟಮಾಲ್, ಕಾರ್ಬನ್ ಟೆಟ್ರಾಕ್ಲೋರೈಡ್ ಎರಡೂ ಕೋಶಗಳನ್ನು ಕೊಲ್ಲುವುದು ಅದೇ ಜಾಗದಲ್ಲಿ. ಕಂದು ಬಣ್ಣ ಉಂಗುರದಂತೆ ಅಲ್ಲಿಯೇ ನಿಂತರೆ ಪ್ರತಿಕಾಯದ ಪರ ಇನ್ನೊಂದು ಸಾಕ್ಷಿ ಸಿಕ್ಕಿತು. ಯಕೃತ್ತಿನಲ್ಲಿ ಬಯೋಟಿನ್ ಸ್ವಾಭಾವಿಕವಾಗಿಯೇ ಹೆಚ್ಚು ಇರುವುದರಿಂದ ಅವಿಡಿನ್–ಬಯೋಟಿನ್ ಕಿಟ್ ಬಿಟ್ಟು ಪಾಲಿಮರ್ ಕಿಟ್ ಕೇಳಿ.

ಪ್ರಬಂಧದಲ್ಲಿ ಪ್ರತಿಕಾಯದ ಕಂಪನಿ, ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಆರ್‌ಆರ್‌ಐಡಿ ಸಂಖ್ಯೆ (ಪ್ರತಿಯೊಂದು ಪ್ರತಿಕಾಯಕ್ಕೂ ಇರುವ ಪ್ರತ್ಯೇಕ ಗುರುತು), ಬಳಸಿದ ಪ್ರಮಾಣ ಎಲ್ಲವನ್ನೂ ಬರೆಯಿರಿ. ಪ್ರತಿಕಾಯದ ಪರೀಕ್ಷೆಯ ಜೆಲ್ ಅನ್ನು ಅನುಬಂಧದಲ್ಲಿ ಹಾಕಿ. ಬ್ಲಾಟ್‌ಗಳ ಚಿತ್ರವನ್ನು ಒಂದು ಪಟ್ಟಿಯಷ್ಟೇ ಕತ್ತರಿಸದೆ, ಮಾರ್ಕರ್ ಸಹಿತ ಇಡೀ ಹಾಳೆಯಾಗಿ ಕೊಡಿ. ಹೊಸ ಲಾಟ್ ತರಿಸಿದ ದಿನ, ಹಳೆಯ ಲಾಟ್‌ನ ಉಳಿದ ಟ್ಯೂಬ್ ಜೊತೆ ಅದೇ ಅಸಿಟೋನ್ ಇಲಿಯ ಮೈಕ್ರೋಸೋಮ್ ಮೇಲೆ ಎರಡನ್ನೂ ಹಚ್ಚಿ ನೋಡಿದ ನಂತರವೇ ಮುಂದಿನ ಮಾದರಿಗಳನ್ನು ಕೈಗೆತ್ತಿಕೊಳ್ಳಿ.